ಕೋಡಿಯಕ್ಕರೈ ಚಳಿಗಾಲದಲ್ಲಿ: ಎಷ್ಟು ನೀರಿದೆ ಎಂದು ಕೇಳಿಕೊಂಡು ಹೊರಡಿ

ಹಕ್ಕಿಗಳಿಗೆ ಐದಕ್ಕೆ ನಾಲ್ಕೂವರೆ, ಸೌಕರ್ಯಕ್ಕೆ ಎರಡು. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯ ಕೋಡಿಯಕ್ಕರೈಗೆ ಚಳಿಗಾಲದಲ್ಲಿ ಹೊರಡುವವರು ಈ ಎರಡೂ ಅಂಕಗಳನ್ನು ನೆನಪಿಟ್ಟುಕೊಂಡೇ ಹೋಗಬೇಕು. ನಕ್ಷೆಗಳಲ್ಲಿ ಇದರ ಹೆಸರು ಪಾಯಿಂಟ್ ಕ್ಯಾಲಿಮಿಯರ್. ಕಾವೇರಿಯ ಮುಖಜಭೂಮಿ ಮುಗಿಯುವ ಆಗ್ನೇಯ ಮೂಲೆ. ಪೂರ್ವಕ್ಕೆ ಬಂಗಾಳ ಕೊಲ್ಲಿ, ದಕ್ಷಿಣಕ್ಕೆ ಪಾಕ್ ಜಲಸಂಧಿ, ಕರಾವಳಿ ಇಲ್ಲಿ ಹೆಚ್ಚುಕಡಿಮೆ ಲಂಬಕೋನದಲ್ಲಿ ತಿರುಗುತ್ತದೆ. 1967ರಲ್ಲಿ ಅಭಯಾರಣ್ಯವಾಯಿತು, 2002ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿತು. ರಾಮ್ಸಾರ್ ವ್ಯಾಪ್ತಿ 38,500 ಹೆಕ್ಟೇರ್. ಕಡಲಂಚಿನ ಒಣ ಕಾಡು, ವೇದಾರಣ್ಯದ ದೊಡ್ಡ ಉಪ್ಪು ಜೌಗು, ಅದರ ಪಶ್ಚಿಮದ ಕಾಂಡ್ಲಾ ಕಾಡು, ಉಪ್ಪಿನಾಗರಗಳು ಎಲ್ಲವೂ ಅದರೊಳಗೇ. ರಾಮ್ಸಾರ್ ವಿವರಣೆಯ ಪ್ರಕಾರ ಇಲ್ಲಿ ದಾಖಲಾದ ಹಕ್ಕಿಗಳು 257 ಬಗೆ, ಅವುಗಳಲ್ಲಿ 119 ನೀರಹಕ್ಕಿಗಳು.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ಟಿಕೆಟ್ ಕೊಟ್ಟು ಒಳಗೆ ಬಿಡುವ ಕಾಡಿನ ಭಾಗ ಬೇರೆ, ವಲಸೆ ಹಕ್ಕಿಗಳ ಜೌಗು ಬೇರೆ. ಅಭಯಾರಣ್ಯ ಘೋಷಣೆಯಾದದ್ದೇ ಮುಖ್ಯವಾಗಿ ಕೃಷ್ಣಮೃಗಕ್ಕಾಗಿ. ಕಾಡಿನೊಳಗಿನ ದಾರಿಯಲ್ಲಿ ಕೃಷ್ಣಮೃಗ, ಚುಕ್ಕೆ ಜಿಂಕೆ, ಕಾಡುಬಿದ್ದ ಕುದುರೆಗಳು, ಪಾಲೈ ಮರಗಳು, ರಾಮರ ಪಾದದ ಮರಳುದಿಬ್ಬ, ಇಷ್ಟು ಸಿಗುತ್ತದೆ. ಅದಕ್ಕೆ ಎರಡು ಗಂಟೆ ಸಾಕು. ಅಕ್ಟೋಬರ್ ಹೊತ್ತಿಗೆ ಹೋದರೆ ಪೊದೆಗಳ ಬುಡದಲ್ಲಿ ನವರಂಗ ಹಕ್ಕಿ ಕಾಣುವ ಅವಕಾಶವುಂಟು. ಆದರೆ ಗೊರವ (ಕೆಸರು, ತೆಳುನೀರಿನಲ್ಲಿ ಮೇಯುವ ಹಕ್ಕಿಗಳು), ಬಾತು, ರಾಜಹಂಸ (ಫ್ಲೆಮಿಂಗೊ) ಎಂದು ದುರ್ಬೀನು ಹಿಡಿದು ಬಂದವರು ಇದೇ ಸುತ್ತಿಗೆ ತೃಪ್ತಿಪಟ್ಟು, ‘ಹಕ್ಕಿಗಳೇ ಇಲ್ಲ’ ಎಂದು ಬರೆದು ಹಾಕುತ್ತಾರೆ. ಅವರು ನೋಡಬೇಕಾಗಿದ್ದು ಕಾಡಿನ ಹಿಂದಿನ ಬಯಲನ್ನು: ಕೋಡಿಯಕ್ಕಾಡು ಕಡೆಯಿಂದ ಪಶ್ಚಿಮಕ್ಕೆ ಚಾಚಿಕೊಂಡ ಜೌಗು ಮತ್ತು ಅದರ ಅಂಚಿನ ಆಗರಗಳನ್ನು.

ರಂಗನತಿಟ್ಟಿನ ದೋಣಿಯಲ್ಲಿ ಕೂತು ಚಮಚಕೊಕ್ಕನ್ನು ಹತ್ತು ಮೀಟರಿನಿಂದ ಫೋಟೊ ತೆಗೆದು ಅಭ್ಯಾಸವಾದವರಿಗೆ ಇದು ಹೇಳಿಸಿದ ಜಾಗವಲ್ಲ. ಇಲ್ಲಿ ಹಕ್ಕಿ ಸಾಮಾನ್ಯವಾಗಿ ನೂರರಿಂದ ಐನೂರು ಮೀಟರ್ ದೂರದಲ್ಲಿರುತ್ತದೆ. 400 ಎಂಎಂ ಲೆನ್ಸಿನಲ್ಲಿ ಲಿಟಲ್ ಸ್ಟಿಂಟ್‌ನಂಥ ಸಣ್ಣ ಗೊರವ ಒಂದು ಚುಕ್ಕೆ. ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡಿನ ಮೇಲಿಟ್ಟು ನೋಡುವ ದೂರದರ್ಶಕ) ಇಲ್ಲದೆ ಹೋದರೆ ಅರ್ಧ ಪ್ರವಾಸ ವ್ಯರ್ಥ.

ಈಗ ನೀರಿನ ವಿಷಯ. ಕೋಡಿಯಕ್ಕರೈ ಕೈ ಹಿಡಿಯುತ್ತದೋ ಕೈ ಕೊಡುತ್ತದೋ ನಿರ್ಧಾರವಾಗುವುದು ಇದರಿಂದಲೇ. ಅಘನಾಶಿನಿಯಲ್ಲಿ ಹಕ್ಕಿ ನೋಡಿದವರು ಭರತ-ಇಳಿತದ ಪಟ್ಟಿ ಹಿಡಿದು ಹೋಗುತ್ತಾರೆ. ಇಳಿತಕ್ಕೆ ಕೆಸರು ತೆರೆಯುತ್ತದೆ, ಭರತಕ್ಕೆ ಹಕ್ಕಿಗಳು ಸಾಣಿಕಟ್ಟೆಯ ಆಗರದ ಬದುಗಳ ಕಡೆ ಸರಿಯುತ್ತವೆ ಎಂಬ ಲೆಕ್ಕ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪಾಕ್ ಜಲಸಂಧಿಯಲ್ಲಿ ಭರತ-ಇಳಿತದ ಅಂತರ ಒಂದು ಮೀಟರನ್ನೂ ಮುಟ್ಟುವುದಿಲ್ಲ. ಜೌಗಿನ ನೀರನ್ನು ಏರಿಸಿ ಇಳಿಸುವುದು ಮಳೆ ಮತ್ತು ಗಾಳಿ. ನೆಲ ಎಷ್ಟು ಚಪ್ಪಟೆಯೆಂದರೆ ನೀರು ಐದು ಸೆಂಟಿಮೀಟರ್ ಏರಿದರೂ ದೊಡ್ಡ ಹರವು ಮುಳುಗುತ್ತದೆ. ಬಲವಾದ ಗಾಳಿ ಒಂದು ದಿನ ಒಂದೇ ದಿಕ್ಕಿನಿಂದ ಬೀಸಿದರೆ ತೆಳುನೀರು ಎದುರು ದಂಡೆಗೆ ತಳ್ಳಲ್ಪಟ್ಟು ಈ ದಂಡೆಯ ಕೆಸರು ಬಯಲಾಗುತ್ತದೆ. ನಿನ್ನೆ ಸಾವಿರ ಹಕ್ಕಿ ಇದ್ದ ಮೂಲೆ ಇಂದು ಖಾಲಿಯಾಗುವುದಕ್ಕೆ ಬಹುಪಾಲು ಕಾರಣ ಇದೇ. ಆಗ ಮಾಡಬೇಕಾದ್ದು ಇಷ್ಟೆ: ಗಾಳಿ ಎತ್ತಣಿಂದ ಬರುತ್ತಿದೆ ನೋಡಿ, ಆ ಕಡೆಯ ಅಂಚಿಗೆ ಹೋಗಿ.

ಆಳದ ಲೆಕ್ಕ ತಿಳಿದಿದ್ದರೆ ಯಾವ ನೀರಲ್ಲಿ ಏನನ್ನು ಹುಡುಕಬೇಕೆಂದು ಗೊತ್ತಾಗುತ್ತದೆ. ಸ್ಯಾಂಡ್ ಪ್ಲೋವರ್ ಮತ್ತು ಕೆಂಟಿಷ್ ಪ್ಲೋವರ್‌ಗಳಿಗೆ ನೀರೇ ಬೇಡ, ಒದ್ದೆ ಕೆಸರು ಸಾಕು. ಅವು ಕಣ್ಣಿನಿಂದ ಬೇಟೆ ಹುಡುಕಿ ಓಡಿಹೋಗಿ ಹಿಡಿಯುವವು. ಲಿಟಲ್ ಸ್ಟಿಂಟ್‌ಗೆ ಎರಡು-ಮೂರು ಸೆಂಟಿಮೀಟರ್. ಕರ್ಲ್ಯೂ ಸ್ಯಾಂಡ್‌ಪೈಪರ್ ಅದಕ್ಕಿಂತ ತುಸು ಆಳಕ್ಕೆ, ಹೊಟ್ಟೆ ತಾಗುವಷ್ಟು ಇಳಿಯುತ್ತದೆ. ರೆಡ್‌ಶ್ಯಾಂಕ್, ಮಾರ್ಷ್ ಸ್ಯಾಂಡ್‌ಪೈಪರ್‌ಗಳಿಗೆ ಐದರಿಂದ ಎಂಟು, ಕರಿಬಾಲದ ಗಾಡ್‌ವಿಟ್‌ಗೆ ಹತ್ತು-ಹನ್ನೆರಡು, ಮೆಟ್ಟುಗಾಲು ಹಕ್ಕಿಗೆ ಹದಿನೈದರವರೆಗೆ. ಅದರಾಚೆಯದು ರಾಜಹಂಸ ಮತ್ತು ಬಾತುಗಳ ಪಾಲು. ಹಾಗಾಗಿ ಜೌಗು ತುಂಬಿ ತುಳುಕುವಾಗ ಸೂಜಿಬಾಲದ ಬಾತು, ಚಲುಕ ಬಾತು, ಬಿಳಿಹುಬ್ಬಿನ ಬಾತು ಚೆನ್ನಾಗಿ ಸಿಗುತ್ತವೆ, ಸಣ್ಣ ಗೊರವಗಳು ಚೆದುರಿಹೋಗಿರುತ್ತವೆ. ನೀರು ಇಳಿಯತೊಡಗಿದಾಗ ಪರಿಸ್ಥಿತಿ ತಿರುಗಾಮುರುಗಾ. ಒಂದೇ ಭೇಟಿಯಲ್ಲಿ ಎರಡನ್ನೂ ಭರ್ಜರಿಯಾಗಿ ನೋಡುತ್ತೇನೆ ಎನ್ನುವುದು ದುರಾಸೆ.

ಈ ಕಾರಣಕ್ಕೇ ತಿಂಗಳಿನ ಆಯ್ಕೆ ಮುಖ್ಯ. ಆಗಸ್ಟ್ ಕೊನೆ, ಸೆಪ್ಟೆಂಬರಿನಿಂದಲೇ ಗೊರವಗಳು ಇಳಿಯುತ್ತವೆ, ಆಗ ಜೌಗಿನ ಬಹುಭಾಗ ಬಿಸಿಲಿಗೆ ಒಣಗಿ ಬಿಳಿ ಹೊಪ್ಪಳೆಯಾಗಿರುತ್ತದೆ. ಇಲ್ಲಿ ವರ್ಷದ ಮಳೆಯ ಬಹುಪಾಲು ಹಿಂಗಾರಿನದು, ಅಕ್ಟೋಬರಿನಿಂದ ಡಿಸೆಂಬರ್. ನವೆಂಬರಿನಲ್ಲಿ ಹೋಗಲು ಯಾರೂ ಮುಂಗಡ ಬುಕ್ ಮಾಡಬಾರದು: 2018ರ ನವೆಂಬರ್ 16ರಂದು ಗಜ ಚಂಡಮಾರುತ ನಾಗಪಟ್ಟಿಣಂ-ವೇದಾರಣ್ಯದ ನಡುವೆಯೇ ದಡ ಹತ್ತಿ ಇಲ್ಲಿನ ಕಾಡನ್ನು ನೆಲಸಮ ಮಾಡಿತ್ತು. ಅಂಥದ್ದು ಪ್ರತಿ ವರ್ಷ ಆಗದಿದ್ದರೂ ವಾಯುಭಾರ ಕುಸಿತದ ಮಳೆಗೆ ಮೂರು ದಿನ ಕೋಣೆಯಲ್ಲೇ ಕೂರಬೇಕಾಗುವುದು ಸಾಮಾನ್ಯ. ಡಿಸೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಬಾತುಗಳಿಗೆ, ಜನವರಿ ಕೊನೆಯಿಂದ ಫೆಬ್ರವರಿ ಮುಗಿಯುವವರೆಗೆ ಗೊರವಗಳಿಗೆ ಒಳ್ಳೆಯ ಕಾಲ. ಒಂದೇ ಸಲ ಹೋಗುವುದಾದರೆ ಫೆಬ್ರವರಿಯ ಮೊದಲೆರಡು ವಾರ. ಮಾರ್ಚಿನಲ್ಲಿ ಹಕ್ಕಿ ಕಡಿಮೆ, ಆದರೆ ಕರ್ಲ್ಯೂ ಸ್ಯಾಂಡ್‌ಪೈಪರ್‌ಗಳ ಎದೆ ಇಟ್ಟಿಗೆಗೆಂಪಾಗತೊಡಗುವುದು ಆಗ. ಚಳಿಗಾಲದ ಬೂದು ಗರಿಗಳಿಂದ ಬೇಸತ್ತವರು ಆಗಲೂ ಹೋಗಬಹುದು.

ತೈ ಅಮಾವಾಸ್ಯೆ, ಅಂದರೆ ನಮ್ಮ ಪುಷ್ಯ ಬಹುಳ ಅಮಾವಾಸ್ಯೆಯ ದಿನ ಕೋಡಿಯಕ್ಕರೈ ಕಡಲಿನಲ್ಲಿ ಪಿತೃಕಾರ್ಯಕ್ಕೆ, ಸ್ನಾನಕ್ಕೆ ದೊಡ್ಡ ಜನಸಂದಣಿ. ಪೊಂಗಲ್ ರಜೆಯಲ್ಲೂ ಅಷ್ಟೆ. ಪಂಚಾಂಗ ನೋಡಿ ಆ ದಿನಗಳನ್ನು ಬಿಡಿ.

ಹೊರಡುವ ಮುನ್ನ ಮಾಡಬಹುದಾದ ಒಂದು ಕೆಲಸ ಎಲ್ಲ ಮಾರ್ಗದರ್ಶಿ ಪುಸ್ತಕಗಳಿಗಿಂತ ಉಪಯುಕ್ತ. ಉಳಿಯುವ ಜಾಗಕ್ಕೆ ಫೋನ್ ಮಾಡಿ ‘ಹಕ್ಕಿ ಇದೆಯಾ’ ಎಂದು ಕೇಳಬೇಡಿ, ಉತ್ತರ ಯಾವಾಗಲೂ ‘ಇದೆ’. ಕಳೆದ ಹತ್ತು ದಿನದಲ್ಲಿ ಮಳೆ ಬಂತೇ, ಜೌಗಿನ ನೀರು ಮೊಣಕಾಲು ಮಟ್ಟವೋ ಪಾದದ ಮಟ್ಟವೋ, ಆಗರದಲ್ಲಿ ಉಪ್ಪಿನ ಕೆಲಸ ಶುರುವಾಗಿದೆಯೇ ಎಂದು ಕೇಳಿ. ಉಪಗ್ರಹ ಚಿತ್ರ ನೋಡಲು ಬರುವವರು ಸೆಂಟಿನೆಲ್-2ರ ಹೊಸ ಚಿತ್ರ ತೆರೆದರೆ ನೀರಿನ ಹರವು ಕಣ್ಣಿಗೇ ಕಾಣುತ್ತದೆ.

ಆಗರದ ಕೆಲಸವನ್ನು ಕೇಳಲು ಕಾರಣವಿದೆ. ವೇದಾರಣ್ಯ ಉಪ್ಪಿನ ಊರು. 1930ರಲ್ಲಿ ರಾಜಾಜಿ ತಿರುಚಿರಾಪಳ್ಳಿಯಿಂದ ಉಪ್ಪಿನ ಸತ್ಯಾಗ್ರಹದ ನಡಿಗೆ ತಂದದ್ದು ಇಲ್ಲಿಗೇ. ಕಡಲ ನೀರು ಸುಮಾರು 3 ಬೋಮೆ ಡಿಗ್ರಿಯಲ್ಲಿ (ಉಪ್ಪುನೀರಿನ ಸಾಂದ್ರತೆಯ ಅಳತೆ) ಮೊದಲ ಕೆರೆಗೆ ಬರುತ್ತದೆ, ಒಂದೊಂದೇ ಕಟ್ಟೆ ದಾಟುತ್ತ ಗಟ್ಟಿಯಾಗಿ 25ರ ಹತ್ತಿರ ಉಪ್ಪು ಕಟ್ಟುತ್ತದೆ. ಹಕ್ಕಿಗಳ ಹಂಚಿಕೆ ಈ ಡಿಗ್ರಿಗಳ ಜೊತೆ ಸಾಗುತ್ತದೆ. ಮೊದಲ ಕೆರೆಗಳಲ್ಲಿ ಮೀನಿರುವುದರಿಂದ ಚುಕ್ಕೆಕೊಕ್ಕಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಕ್ಯಾಸ್ಪಿಯನ್ ರೀವ, ಬೆಳ್ಳಕ್ಕಿ. ನಡುವಿನವುಗಳಲ್ಲಿ, ಸುಮಾರು 10ರಿಂದ 18 ಡಿಗ್ರಿವರೆಗೆ, ಮೀನು ಬದುಕದೆ ಉಪ್ಪುನೀರಿನ ಸೀಗಡಿಮರಿ ಮತ್ತು ನೊಣದ ಹುಳುಗಳು ತುಂಬುತ್ತವೆ. ಸ್ಟಿಂಟ್, ಮೆಟ್ಟುಗಾಲು ಹಕ್ಕಿ, ರಾಜಹಂಸಗಳನ್ನು ಅಲ್ಲಿ ಹುಡುಕಬೇಕು. ಉಪ್ಪು ಕಟ್ಟುವ ಕೊನೆಯ ಪಾತಿಗಳಲ್ಲಿ ತಿನ್ನಲು ಏನೂ ಇಲ್ಲ. ನೀರು ಗುಲಾಬಿಯಾಗಿ ಕಾಣುವ ಆ ಪಾತಿಗಳ ಎದುರು ಕ್ಯಾಮೆರಾ ಹಿಡಿದು ರಾಜಹಂಸಕ್ಕೆ ಕಾಯುವವರನ್ನು ಕಂಡರೆ ಅಯ್ಯೋ ಎನಿಸುತ್ತದೆ. ಮಳೆಗಾಲದ ನಂತರ ಎಲ್ಲ ಪಾತಿಗಳೂ ಸಿಹಿಮಳೆಗೆ ತೆಳುವಾಗಿ ಈ ವಿಂಗಡಣೆ ಕಲಸಿಹೋಗಿರುತ್ತದೆ. ಕೆಲಸ ಶುರುವಾಗಿ ಕೆಲವು ವಾರ ಕಳೆದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ.

ಆಗರಗಳು ಖಾಸಗಿ ಅಥವಾ ಕಂಪನಿಯ ಸ್ವತ್ತು. ಗೇಟಿನಲ್ಲಿ ಕೇಳದೆ ಬದು ಹತ್ತುವಂತಿಲ್ಲ. ಜೌಗಿನೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಡ್ರೋನ್ ಹಾರಿಸುವಂತಿಲ್ಲ.

ಬೆಳಕಿನ ಲೆಕ್ಕ ಸರಳ, ಆದರೂ ಹೆಚ್ಚಿನವರು ತಪ್ಪುವುದು ಇಲ್ಲೇ. ಬೆಳಿಗ್ಗೆ ನೀರಿನ ಪೂರ್ವದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ, ಸಂಜೆ ಪಶ್ಚಿಮದಿಂದ ಪೂರ್ವಕ್ಕೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಡುಹಗಲಿನಲ್ಲಿ ಉತ್ತರಾಭಿಮುಖವಾಗಿರುವುದು ಲೇಸು. ಬಿಸಿಲಿರುವ ದಿನ ಒಂಬತ್ತು ಗಂಟೆಯ ಹೊತ್ತಿಗೆ ನೆಲದಿಂದ ಬಿಸಿಗಾಳಿ ಏಳಲು ಶುರುವಾಗುತ್ತದೆ. ಸ್ಕೋಪಿನಲ್ಲಿ ಹಕ್ಕಿಯ ಕಾಲು ನಡುಗಿ ಕೊಕ್ಕಿನ ಆಕಾರ ಕದಡುತ್ತದೆ. ಆಗ 60 ಪಟ್ಟಿಗೆ ಏರಿಸಿದರೆ ನಡುಕವೇ ದೊಡ್ಡದಾಗುತ್ತದೆ ಹೊರತು ಹಕ್ಕಿಯಲ್ಲ. 25–30ಕ್ಕೆ ಇಳಿಸಿ, ಇಲ್ಲವೇ ಸ್ಕೋಪ್ ಮಡಚಿ ಕಾಡಿನ ಕಡೆ ಹೋಗಿ, ನಾಲ್ಕು ಗಂಟೆಗೆ ಮರಳಿ. ಮೋಡ ಕವಿದ ದಿನ ಸಿಕ್ಕರೆ ಅದೇ ಅದೃಷ್ಟ, ಬೆಳಿಗ್ಗೆಯಿಂದ ಸಂಜೆವರೆಗೂ ನೋಡಬಹುದು.

ಸ್ಕೋಪಿನ ಗಾತ್ರಕ್ಕಿಂತ ಟ್ರೈಪಾಡಿನ ತೂಕ ಮುಖ್ಯ. ಬಯಲಿನ ಗಾಳಿಗೆ ಒಂದೂವರೆ ಕಿಲೋದ ಕಾರ್ಬನ್ ಟ್ರೈಪಾಡ್ ವೀಣೆಯ ತಂತಿಯಂತೆ ನಡುಗದಿದ್ದರೂ 40 ಪಟ್ಟಿನಲ್ಲಿ ನೋಡಲಾಗದಷ್ಟು ಅದುರುತ್ತದೆ. ನಡುಗಂಬ ಎತ್ತಬೇಡಿ, ಕಾಲುಗಳನ್ನು ಅಗಲಿಸಿ ಕೂತು ನೋಡುವ ಎತ್ತರಕ್ಕೆ ಇಳಿಸಿ, ನಡುವಿನ ಕೊಕ್ಕೆಗೆ ನೀರಿನ ಬಾಟಲಿಯ ಚೀಲ ತೂಗುಹಾಕಿ. ಕೂತು ನೋಡುವುದರಿಂದ ಇನ್ನೊಂದು ಲಾಭ, ಆಕಾಶಕ್ಕೆ ಎದುರಾಗಿ ನಿಮ್ಮ ಆಕೃತಿ ಎದ್ದು ಕಾಣುವುದಿಲ್ಲ. ಬಯಲಿನಲ್ಲಿ ನಡೆದುಹೋಗುವವರಿಗೆ ನೂರು ಮೀಟರಿನಲ್ಲೇ ಏಳುವ ಹಿಂಡು, ಒಂದೆಡೆ ಕೂತು ಕಾಲು ಗಂಟೆ ಅಲುಗದವರ ಮುಂದೆ ಮೂವತ್ತು ಮೀಟರಿಗೆ ತಾನಾಗಿ ಮೇಯುತ್ತ ಬರುತ್ತದೆ. ಟಾರು ರಸ್ತೆಯ ಪಕ್ಕದ ನೀರಿಗೆ ಕಾರೇ ಒಳ್ಳೆಯ ಮರೆ: ಎಂಜಿನ್ ಆರಿಸಿ, ಬಾಗಿಲು ತೆಗೆಯದೆ, ಕಿಟಕಿಯ ಮೇಲೆ ಕಾಳುಚೀಲ ಇಟ್ಟು ನೋಡಿ. ಹಕ್ಕಿಗಳು ತಲೆ ಮೇಲೆತ್ತಿ, ಮೇಯುವುದನ್ನು ನಿಲ್ಲಿಸಿದರೆ ನೀವು ಹತ್ತಿರ ಬಂದದ್ದು ಹೆಚ್ಚಾಯಿತು ಎಂದರ್ಥ. ಹಾರುವವರೆಗೆ ಕಾಯದೆ ಅಲ್ಲಿಂದಲೇ ಹಿಂದೆ ಸರಿಯಬೇಕು. 25 ಗ್ರಾಂ ತೂಗುವ ಸ್ಟಿಂಟ್ ಆರ್ಕ್‌ಟಿಕ್‌ವರೆಗೆ ಹಿಂದಿರುಗಲು ಕೊಬ್ಬು ಕೂಡಿಸಿಕೊಳ್ಳುವುದು ಇಲ್ಲೇ. ಫೆಬ್ರವರಿ-ಮಾರ್ಚಿನಲ್ಲಿ ಹಾರಿಸುವ ಪ್ರತಿ ಸಲವೂ ಆ ಕೂಡಿಕೆಯಿಂದ ಕಳೆಯುತ್ತದೆ.

ಏನನ್ನು ನಿರೀಕ್ಷಿಸಬಹುದು? ಲಿಟಲ್ ಸ್ಟಿಂಟ್, ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಸ್ಯಾಂಡ್ ಪ್ಲೋವರ್ ಇಲ್ಲಿನ ಮೂಲ ಜನಸಂಖ್ಯೆ. ಅವುಗಳ ನಡುವೆ ಉಳಿದವನ್ನು ಹೆಕ್ಕಬೇಕು. ಹಳೆಯ ಕೈಪಿಡಿಯಲ್ಲಿ ಲೆಸ್ಸರ್ ಸ್ಯಾಂಡ್ ಪ್ಲೋವರ್ ಎಂದಿರುವುದು ಈಗ ಎರಡು ಪ್ರಭೇದ, ಸೈಬೀರಿಯನ್ ಮತ್ತು ಟಿಬೆಟನ್. ನಮ್ಮ ಕಡೆ ಚಳಿಗಾಲ ಕಳೆಯುವವು ಹೆಚ್ಚಾಗಿ ಟಿಬೆಟನ್. ಸ್ಟಿಂಟ್ ಗುಂಪಿನಲ್ಲಿ ತಲೆಯ ಮೇಲೆ ಎರಡೆರಡು ಬಿಳಿ ಗೆರೆ, ತುದಿಯಲ್ಲಿ ಕೆಳಕ್ಕೆ ಬಾಗಿದ ಕೊಕ್ಕು ಕಂಡರೆ ನಿಲ್ಲಿ, ಅದು ಬ್ರಾಡ್‌ಬಿಲ್ಡ್ ಸ್ಯಾಂಡ್‌ಪೈಪರ್. ಚಮಚಕೊಕ್ಕಿನ ಸ್ಯಾಂಡ್‌ಪೈಪರ್ ಹಿಂದೆ ಇಲ್ಲಿ ದಾಖಲಾಗಿದೆ, ಅದನ್ನೇ ಗುರಿಯಾಗಿಟ್ಟು ಬರುವವರೂ ಇದ್ದಾರೆ. ಜಗತ್ತಿನಲ್ಲೇ ಕೆಲವು ನೂರು ಉಳಿದಿರುವ ಹಕ್ಕಿ ಅದು. ಕೊಕ್ಕಿಗೆ ಕೆಸರು ಮೆತ್ತಿದ ಸ್ಟಿಂಟ್ ದೂರದಿಂದ ಥೇಟ್ ಹಾಗೇ ಕಾಣುತ್ತದೆ ಎಂಬುದನ್ನು ಮರೆಯದಿದ್ದರೆ ಸಾಕು.

ರಾಜಹಂಸದ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ರಾಮ್ಸಾರ್ ವಿವರಣೆಯ ‘ಸುಮಾರು 30,000’ ಎಂಬ ಅಂಕಿಯನ್ನು ಇನ್ನೂ ಎಲ್ಲ ಪ್ರವಾಸಿ ಜಾಹೀರಾತುಗಳೂ ಹೊತ್ತು ತಿರುಗುತ್ತವೆ. ಅದನ್ನು ನಂಬಿ ಹೋಗಬೇಡಿ. ನೀರು ಸರಿ ಇದ್ದ ವರ್ಷ ಸಾವಿರಗಟ್ಟಲೆ, ಸರಿಯಿಲ್ಲದ ವರ್ಷ ಎರಡು ಕಿಲೋಮೀಟರ್ ಆಚೆ ಒಂದು ಗುಲಾಬಿ ಗೆರೆ. ಹಿಂಡಿನೊಳಗೆ ಗಿಡ್ಡ, ಕಡುಬಣ್ಣದ, ಕೊಕ್ಕು ಪೂರ್ತಿ ಕಪ್ಪೆನಿಸುವ ಹಕ್ಕಿ ಕಂಡರೆ ಅದು ಕಿರಿಯ ರಾಜಹಂಸ. ದೊಡ್ಡದರ ಕೊಕ್ಕು ತಿಳಿಗುಲಾಬಿ, ತುದಿ ಮಾತ್ರ ಕಪ್ಪು. ಗೊರವಗಳ ಸಂಖ್ಯೆಯೂ ಹಳೆಯ ದಶಕಗಳ ಎಣಿಕೆಗಿಂತ ಇಳಿದಿದೆ. ಜೌಗಿಗೆ ಹೂಳು, ಬದಲಾದ ನೀರಿನ ಹರಿವು, ಆಗರಗಳ ವಿಸ್ತರಣೆ, ಅಂಚಿನಲ್ಲಿ ಹಬ್ಬಿದ ಬಳ್ಳಾರಿ ಜಾಲಿ, ಹೀಗೆ ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇಷ್ಟಾದ ಮೇಲೂ ನಾಲ್ಕೂವರೆ ಅಂಕ ಏಕೆ ಎಂದರೆ, ಇಷ್ಟು ಬಗೆಯ ಗೊರವಗಳನ್ನು ಒಂದೇ ಬಯಲಿನಲ್ಲಿ ಹೋಲಿಸಿ ಕಲಿಯಲು ಕರ್ನಾಟಕದಿಂದ ಒಂದು ರಾತ್ರಿಯ ದಾರಿಯಲ್ಲಿ ಬೇರೆ ಜಾಗ ಕಡಿಮೆ.

ಕಾಲುಗಳನ್ನೂ ಗಮನಿಸಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ದಶಕಗಳಿಂದ ಇಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುತ್ತಿದ್ದಾರೆ. ಬಣ್ಣದ ಪಟ್ಟಿ ಕಂಡರೆ ನಾಲ್ಕು ವಿಷಯ ಬರೆದುಕೊಳ್ಳಬೇಕು: ಯಾವ ಕಾಲು, ಮೊಣಗಂಟಿನ ಮೇಲೋ ಕೆಳಗೋ, ಎರಡಿದ್ದರೆ ಮೇಲಿನ ಬಣ್ಣ ಯಾವುದು ಕೆಳಗಿನದು ಯಾವುದು, ಅಕ್ಷರ ಓದಲಾಯಿತೇ. ‘ಎಡ-ಬಲ’ ಹಕ್ಕಿಯದು, ನೋಡುವವರದಲ್ಲ. ಫೋಟೊ ಮಸುಕಾಗಿದ್ದರೂ ಕಳಿಸಿ.

ಕೆಸರಿನ ವಿಷಯದಲ್ಲಿ ಧೈರ್ಯ ಬೇಡ. ಮೇಲ್ಪದರ ಬಿಸಿಲಿಗೆ ಒಣಗಿ ಬಿರುಕುಬಿಟ್ಟು ಗಟ್ಟಿ ನೆಲದಂತೆ ಕಾಣುತ್ತದೆ, ಒಳಗೆ ಕಪ್ಪು ಜೇಡಿ ಹಾಗೇ ಹಸಿಯಾಗಿರುತ್ತದೆ. ಹತ್ತು ಹೆಜ್ಜೆ ತಡೆದು ಹನ್ನೊಂದನೆಯದಕ್ಕೆ ಮೊಣಕಾಲವರೆಗೆ ಇಳಿಸುತ್ತದೆ. ತಿರುಳೆಲೆಯ ಉಪ್ಪುಗಿಡಗಳು ಬೆಳೆದ ಕಡೆ ನೆಲ ತುಸು ಎತ್ತರ ಮತ್ತು ಗಟ್ಟಿ. ಬರಿಯ, ಹೊಳೆಯುವ, ಗಿಡವಿಲ್ಲದ ಕಡೆ ಕಾಲಿಡಬೇಡಿ. ಕಾರನ್ನಂತೂ ಟಾರಿನಿಂದ ಇಳಿಸಲೇಬೇಡಿ. ಪಟ್ಟಿಯಿರುವ ಸ್ಯಾಂಡಲ್ ಸಾಕು. ಗಮ್‌ಬೂಟ್ ಸಿಕ್ಕಿಕೊಂಡರೆ ಕಾಲು ಬರುತ್ತದೆ, ಬೂಟು ಉಳಿಯುತ್ತದೆ.

ಸಂಜೆ ಕೋಣೆಗೆ ಬಂದ ಮೇಲೆ ಅರ್ಧ ಗಂಟೆ ಸಲಕರಣೆಗೆ ಇಡಿ. ಕಡಲಗಾಳಿಯ ಹನಿ ಒಣಗಿ ಗಾಜಿನ ಮೇಲೆ ಉಪ್ಪಿನ ಹರಳಾಗಿರುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಆ ಹರಳೇ ಗೀರುತ್ತದೆ. ಮೊದಲು ರಬ್ಬರ್ ಬ್ಲೋವರ್, ಆಮೇಲೆ ಮೆತ್ತನೆಯ ಬ್ರಷ್, ನಂತರ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಡವಿಲ್ಲದೆ ಒಂದು ಸುತ್ತು, ಕೊನೆಗೆ ಒಣಬಟ್ಟೆ. ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಹೊರಗೆಳೆದು ಸಿಹಿನೀರಿನಲ್ಲಿ ತೊಳೆದು, ಮಡಚದೆ ರಾತ್ರಿಯಿಡೀ ಒಣಗಲು ಬಿಡಿ. ಕೆಳಗಿನ ಬಿಗಿತಿರುಪಿನೊಳಗೆ ಉಪ್ಪುಮರಳು ಉಳಿದರೆ ಒಂದೆರಡು ತಿಂಗಳಲ್ಲಿ ಅದು ಕಚ್ಚಿಕೊಳ್ಳುತ್ತದೆ.

ಹೋಗುವ ದಾರಿ: ಮೈಸೂರಿನಿಂದ ಬೆಂಗಳೂರಿನ ಮೇಲೆ ಮಯಿಲಾಡುತುರೈ ಕಡೆ ಹೋಗುವ ರಾತ್ರಿ ರೈಲಿನಲ್ಲಿ ತಂಜಾವೂರಿಗೆ ಇಳಿದು, ಮನ್ನಾರ್ಗುಡಿ, ತಿರುತ್ತುರೈಪೂಂಡಿ ಮೂಲಕ ವೇದಾರಣ್ಯಕ್ಕೆ ಸುಮಾರು 100 ಕಿ.ಮೀ. ರಸ್ತೆ; ಅಲ್ಲಿಂದ ಕೋಡಿಯಕ್ಕರೈ ಹತ್ತು-ಹನ್ನೆರಡು ಕಿ.ಮೀ. ತಿರುತ್ತುರೈಪೂಂಡಿಯಿಂದ ವೇದಾರಣ್ಯದ ಪಕ್ಕದ ಅಗಸ್ತ್ಯಂಪಳ್ಳಿಗೆ ಬ್ರಾಡ್‌ಗೇಜ್ ರೈಲು ಮಾರ್ಗ 2023ರಲ್ಲಿ ತೆರೆಯಿತಾದರೂ ಬೆಳಗಿನ ಬೆಳಕಿಗೆ ಜೌಗಿನಲ್ಲಿರಬೇಕಾದವರಿಗೆ ಸ್ವಂತ ಅಥವಾ ಬಾಡಿಗೆ ವಾಹನವೇ ಗತಿ. ತಂಗಲು ಅರಣ್ಯ ಇಲಾಖೆಯ ಅತಿಥಿಗೃಹ ಎಲ್ಲಕ್ಕಿಂತ ಹತ್ತಿರ, ಕೋಣೆಗಳು ಕಡಿಮೆ. ನಾಗಪಟ್ಟಿಣಂನ ವನ್ಯಜೀವಿ ಕಚೇರಿಯಲ್ಲಿ ಮೊದಲೇ ಕಾಯ್ದಿರಿಸಬೇಕು. ಇಲ್ಲದಿದ್ದರೆ ವೇದಾರಣ್ಯದ ಸಾಧಾರಣ ಲಾಡ್ಜುಗಳು. ವೇಲಾಂಕಣ್ಣಿಯಲ್ಲಿ ಒಳ್ಳೆಯ ಹೋಟೆಲುಗಳಿವೆ, ಆದರೆ ಅಲ್ಲಿಂದ ನಸುಕಿನಲ್ಲಿ ಒಂದು ಗಂಟೆಯ ಓಡಾಟ ಎಂದರೆ ಬೆಳಗಿನ ಒಳ್ಳೆಯ ಹೊತ್ತಿನಲ್ಲೇ ಕಡಿತ. ಬಯಲಿನಲ್ಲಿ ನೆರಳೂ ಇಲ್ಲ, ಕುಡಿಯುವ ನೀರೂ ಇಲ್ಲ. ತಲೆಗೆ ಮೂರು ಲೀಟರ್ ನೀರು, ಬೆಳಗಿನ ತಿಂಡಿಯ ಪೊಟ್ಟಣ ಹಿಂದಿನ ಸಂಜೆಯೇ ಕಟ್ಟಿಸಿಕೊಳ್ಳಿ. ಕಾರಿನಲ್ಲಿ ಹೋದವರು ವಾಪಸಾದ ವಾರದೊಳಗೆ ತಳಭಾಗವನ್ನು ಸಿಹಿನೀರಿನ ಜೋರುಧಾರೆಯಿಂದ ತೊಳೆಸಬೇಕು, ಸೈಲೆನ್ಸರ್ ಮತ್ತು ಬ್ರೇಕ್ ಪೈಪುಗಳ ಹತ್ತಿರ ವಿಶೇಷವಾಗಿ.